ಬೀಳದಿರುವ ವಿದ್ಯೆ

ವಯಸ್ಸಾದವರು ಬಿದ್ದರೆಂಬ ಸುದ್ದಿ ಬಂದಾಗ, ಏಕೆ ಬಿದ್ದರು ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರಗಳು ಎರಡೇ: ನೆಲ ಒದ್ದೆಯಾಗಿತ್ತು, ಇಲ್ಲವೇ ವಯಸ್ಸಾಯಿತು. ಮೊದಲನೆಯದು ಬಚ್ಚಲುಮನೆಯನ್ನು ದೂರುತ್ತದೆ, ಎರಡನೆಯದು ವಿಧಿಯನ್ನು. ಆ ಕ್ಷಣದಲ್ಲಿ ಬಿದ್ದವರ ದೇಹ ಏನು ಮಾಡುತ್ತಿತ್ತು ಎಂಬ ವಿಚಾರ ಎರಡರಲ್ಲಿಯೂ ಇಲ್ಲ. ಇಲ್ಲದಿರುವುದಕ್ಕೆ ಕಾರಣವೂ ಉಂಟು. ಬೀಳುವುದು ಕ್ಷಣಾರ್ಧದ ವ್ಯಾಪಾರ. ಹತ್ತಿರದಲ್ಲಿ ನೋಡಿದವರು ಬಹುಮಟ್ಟಿಗೆ ಯಾರೂ ಇರುವುದಿಲ್ಲ. ಬಿದ್ದವರನ್ನೇ ಕೇಳೋಣವೆಂದರೆ, ನೋವು ನಾಚಿಕೆಗಳ ನಡುವೆ ಅವರ ನೆನಪಿನಲ್ಲಿ ಉಳಿದಿರುವುದು ನೆಲ ತಾಗಿದ ಮೇಲಿನ ಸಂಗತಿಯೇ ಹೊರತು ತಾಗುವ ಮುಂಚಿನದಲ್ಲ.

ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದವರು ಕೆನಡಾ ದೇಶದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸ್ಟೀಫನ್ ರಾಬಿನೋವಿಚ್ ಮತ್ತು ಅವರ ಸಂಗಡಿಗರು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಎರಡು ವೃದ್ಧಾಶ್ರಮಗಳಲ್ಲಿ ಎಲ್ಲರೂ ಓಡಾಡುವ ಎಡೆಗಳಲ್ಲಿ ಕ್ಯಾಮರಾಗಳನ್ನಿರಿಸಿ, 130 ಮಂದಿ ವೃದ್ಧರು 227 ಬಾರಿ ಬಿದ್ದುದನ್ನು ಚಿತ್ರಿಸಿಕೊಂಡು, ಒಂದೊಂದು ಪತನವನ್ನೂ ಕೂಡಿ ಕುಳಿತು ಪರಿಶೀಲಿಸಿ, 2013ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ಕಾಲು ಜಾರಿ ಆದ ಪತನಗಳು ನೂರಕ್ಕೆ 3 ಮಾತ್ರ. ಎಡವಿ ಆದವು ನೂರಕ್ಕೆ 21. ಎಲ್ಲಕ್ಕಿಂತ ಹೆಚ್ಚಿನವು, ನೂರಕ್ಕೆ 41, ಮೈಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುವಾಗ ತಪ್ಪಿದ್ದರಿಂದ ಆದವು. ಎಂದರೆ, ಯಾರೂ ನೂಕದೆ, ಯಾವುದೂ ಅಡ್ಡ ಬಾರದೆ, ನಿಂತವರು ತಿರುಗಲು ಹೋಗಿ, ಕುಳಿತುಕೊಳ್ಳುವವರು ಬಾಗಲು ಹೋಗಿ, ಕಾಲು ಇರಬೇಕಾದ ಕಡೆಗೆ ಬರುವ ಮೊದಲೇ ಮೈ ಅಲ್ಲಿಗೆ ಹೋಗಿಬಿಟ್ಟಿತು. ಕ್ಯಾಮರಾಗಳು ಬಚ್ಚಲಿನೊಳಕ್ಕೆ ಹೋಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಒದ್ದೆ ನೆಲ ನಿರ್ದೋಷಿಯೆಂದು ಯಾರೂ ತೀರ್ಪು ಕೊಟ್ಟಿಲ್ಲ. ಆದರೆ ಒಣಗಿದ, ಸಮತಟ್ಟಾದ, ಬೆಳಕುಳ್ಳ ನೆಲದ ಮೇಲೂ ಇಷ್ಟು ಮಂದಿ ಬೀಳುವರೆಂದ ಮೇಲೆ, ನಾವು ನೆಲವನ್ನು ಬಿಟ್ಟು ದೇಹದ ಕಡೆಗೆ ನೋಡಬೇಕಾಗುತ್ತದೆ.

ನಿಂತಿರುವ ಮನುಷ್ಯನು ನಿಶ್ಚಲನಾಗಿದ್ದಾನೆಂಬುದು ಕಣ್ಣಿನ ಭ್ರಮೆ. ದೇಹವೋ ಎತ್ತರವಾದುದು, ಅದರ ಗುರುತ್ವಕೇಂದ್ರವಿರುವುದು ಹೊಕ್ಕುಳಿನ ಸ್ವಲ್ಪ ಕೆಳಗೆ, ಅದಕ್ಕಿರುವ ಆಧಾರವೆಂದರೆ ಎರಡು ಅಂಗಾಲುಗಳು ಆವರಿಸಿದ ಕಿರಿದಾದ ಸ್ಥಳ. ಆದ್ದರಿಂದ ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲಿನಂತೆ ಅದು ಸದಾ ಓಲಾಡುತ್ತ, ಸದಾ ತನ್ನನ್ನು ತಿದ್ದಿಕೊಳ್ಳುತ್ತ ಇರುತ್ತದೆ. ಈ ತಿದ್ದುಪಡಿಗೆ ಬೇಕಾದ ವರ್ತಮಾನವನ್ನು ಮಿದುಳಿಗೆ ಒದಗಿಸುವ ಮೂಲಗಳು ಮೂರು: ಕಣ್ಣು, ಒಳಗಿವಿಯಲ್ಲಿ ತಲೆಯ ಚಲನೆಯನ್ನು ಗ್ರಹಿಸುವ ಅರ್ಧವೃತ್ತಾಕಾರದ ನಾಳಗಳು ಮತ್ತು ಅವುಗಳ ಸಂಗಡದ ಅಂಗಗಳು, ಹಾಗೂ ಅಂಗಾಲಿನ ಚರ್ಮ, ಸ್ನಾಯು, ಕೀಲುಗಳ ಸ್ಪರ್ಶಜ್ಞಾನ. ಬರ್ಲಿನ್ನಿನ ವೈದ್ಯ ಮೋರಿಟ್ಸ್ ರೋಂಬರ್ಗ್ 19ನೆಯ ಶತಮಾನದಲ್ಲಿಯೇ, ನರರೋಗದಿಂದ ಕಾಲಿನ ಅರಿವು ಕುಂದಿದ ಕೆಲವರು ಕಣ್ಣು ತೆರೆದಾಗ ನಿಂತಿದ್ದು, ಮುಚ್ಚಿದೊಡನೆ ತೂರಾಡುವುದನ್ನು ಗಮನಿಸಿದ್ದನು. ಈಗಲೂ ವೈದ್ಯರು ಮಾಡುವ ಆ ಪರೀಕ್ಷೆಗೆ ಅವನದೇ ಹೆಸರು. ವಾರ್ಧಕ್ಯದಲ್ಲಿ ಈ ಮೂರು ಮೂಲಗಳೂ ಸ್ವಲ್ಪ ಸ್ವಲ್ಪವೇ ಮಸುಕಾಗುತ್ತವೆ. ಅದರ ಜೊತೆಗೆ, ಥಟ್ಟನೆ ಸಂಕೋಚಿಸಬಲ್ಲ ಸ್ನಾಯುತಂತುಗಳು ನಿಧಾನವಾಗಿ ಕೆಲಸ ಮಾಡುವ ತಂತುಗಳಿಗಿಂತ ಹೆಚ್ಚಾಗಿ ಕೃಶವಾಗುತ್ತವೆ. ಎಡವಿದಾಗ ಒಂದು ಹೆಜ್ಜೆಯನ್ನು ಸರಕ್ಕನೆ ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದವು ಅವೇ.

ಇಷ್ಟನ್ನು ಕೇಳಿದವರು, ಹಾಗಾದರೆ ಕೊನೆಗೂ ವಯಸ್ಸೇ ಕಾರಣವಾಯಿತಲ್ಲವೇ ಎನ್ನಬಹುದು. ಈ ಆಕ್ಷೇಪಕ್ಕೆ ತೃಪ್ತಿಕರವಾದ ಉತ್ತರ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಡುನೆಡಿನ್ ನಗರದಿಂದ ಬಂದಿತು. ಅಲ್ಲಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ವೃದ್ಧರ ವೈದ್ಯರಾದ ಜಾನ್ ಕ್ಯಾಂಪ್‌ಬೆಲ್, ಸಂಶೋಧಕಿ ಕ್ಲೇರ್ ರಾಬರ್ಟ್‌ಸನ್ ಮತ್ತು ಫಿಸಿಯೋಥೆರಪಿಸ್ಟ್ ಮೆಲಿಂಡಾ ಗಾರ್ಡ್‌ನರ್ ಮೊದಲಾದವರು ಕೂಡಿ, ಅವರವರ ಮನೆಯಲ್ಲಿಯೇ ಮಾಡಬಹುದಾದ ವ್ಯಾಯಾಮಕ್ರಮವೊಂದನ್ನು ರೂಪಿಸಿ, 80 ವರ್ಷ ತುಂಬಿದ 233 ಮಂದಿ ವೃದ್ಧೆಯರಲ್ಲಿ ಅದನ್ನು ಪರೀಕ್ಷಿಸಿದರು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮವನ್ನು ಕಲಿಸಿ, ಇನ್ನೊಂದನ್ನು ಎಂದಿನ ಆರೈಕೆಗೆ ಬಿಟ್ಟರು. ಮೊದಲ ಎರಡು ತಿಂಗಳಲ್ಲಿ ಫಿಸಿಯೋಥೆರಪಿಸ್ಟ್ ನಾಲ್ಕು ಬಾರಿ ಮನೆಗೆ ಬಂದು ಹೇಳಿಕೊಟ್ಟದ್ದಲ್ಲದೆ, ಯಂತ್ರವಿಲ್ಲ, ವ್ಯಾಯಾಮಶಾಲೆಯಿಲ್ಲ. 1997ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಒಂದು ವರ್ಷದಲ್ಲಿ ಎಂದಿನಂತಿದ್ದವರು ಬಿದ್ದುದು 152 ಬಾರಿ, ವ್ಯಾಯಾಮ ಮಾಡಿದವರು 88 ಬಾರಿ. ಮುಂದೆ ಇದೇ ಕ್ರಮದ ನಾಲ್ಕು ಪ್ರಯೋಗಗಳನ್ನು, 65ರಿಂದ 97 ವಯಸ್ಸಿನ 1,016 ಮಂದಿಯನ್ನು ಒಳಗೊಂಡಂತೆ, ಒಟ್ಟುಗೂಡಿಸಿ ನೋಡಿದಾಗಲೂ ಬೀಳುವಿಕೆ ನೂರಕ್ಕೆ 35ರಷ್ಟು ತಗ್ಗಿತ್ತು. ಎಂಬತ್ತು ದಾಟಿದ ಮೈಯೂ ಕಲಿಯಬಲ್ಲದು. ಇದನ್ನು ನಾನು ಈ ಶತಮಾನದ ಅಂಚಿನ ವೈದ್ಯಶಾಸ್ತ್ರದ ಅತ್ಯಂತ ಉಲ್ಲಾಸಕರವಾದ ಸಮಾಚಾರಗಳಲ್ಲಿ ಒಂದೆಂದು ಎಣಿಸುತ್ತೇನೆ.

ಆ ವೃದ್ಧೆಯರು ಮಾಡಿದುದಾದರೂ ಏನು? ಹಿಮ್ಮಡಿಯ ಮೇಲ್ಭಾಗಕ್ಕೆ ತೂಕದ ಪಟ್ಟಿ ಕಟ್ಟಿಕೊಂಡು, ಕುರ್ಚಿಯಲ್ಲಿ ಕುಳಿತು ಮೊಣಕಾಲನ್ನು ನೀಡುವುದು, ನಿಂತು, ಕಾಲನ್ನು ಪಕ್ಕಕ್ಕೆ ಎತ್ತುವುದು, ಕೈಯೂರದೆ ಕುರ್ಚಿಯಿಂದೇಳುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಒಂದೇ ಗೆರೆಯಲ್ಲಿ ನಡೆಯುವುದು, ಹಿಂದಕ್ಕೆ, ಪಕ್ಕಕ್ಕೆ ನಡೆಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು. ವಾರಕ್ಕೆ ಮೂರು ಸಲ, ಸಲಕ್ಕೆ ಅರ್ಧ ಗಂಟೆ. ಅದರ ಮೇಲೆ ನಡಿಗೆ. ಇದರ ಮರ್ಮವಿರುವುದು ಏರುವ ಕ್ರಮದಲ್ಲಿ. ಮೊದಲು ಅಡುಗೆಮನೆಯ ಕಟ್ಟೆಯನ್ನು ಹಿಡಿದು ನಿಂತವರು, ಅದು ಸುಲಭವಾದೊಡನೆ ಹಿಡಿತವನ್ನು ಬಿಡಬೇಕು. ತೂಕ ಹಗುರವೆನಿಸಿದರೆ ಹೆಚ್ಚಿಸಬೇಕು. ಮೈ ತುಸು ತಡವರಿಸಬೇಕು, ತಡವರಿಸಿ ತಾನೇ ಸಾವರಿಸಿಕೊಳ್ಳಬೇಕು. ಸಮತೋಲವೆಂಬುದು ತನ್ನ ಅಂಚಿನಲ್ಲಿ ಮಾತ್ರ ಅಭ್ಯಾಸಕ್ಕೆ ದಕ್ಕುವ ವಿದ್ಯೆ.

ಅಮೆರಿಕದ ಅಟ್ಲಾಂಟಾದಲ್ಲಿ ಸ್ಟೀವನ್ ವುಲ್ಫ್ ನಡೆಸಿ 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕಿಂತಲೂ ಸ್ವಾರಸ್ಯದ್ದು. 70 ದಾಟಿದ 200 ಮಂದಿಯಲ್ಲಿ ಕೆಲವರು 15 ವಾರ ಚೀನಾದ ತಾಯ್ ಚೀ ಎಂಬ ಮಂದಗತಿಯ ವ್ಯಾಯಾಮವನ್ನು ಕಲಿತರು. ಕೆಲವರು ಕಂಪ್ಯೂಟರಿಗೆ ಜೋಡಿಸಿದ ಹಲಗೆಯ ಮೇಲೆ ನಿಂತು ಸಮತೋಲವನ್ನು ಸಾಧಿಸಿದರು. ಉಳಿದವರಿಗೆ ಬರಿಯ ಉಪನ್ಯಾಸ. ಮತ್ತೆ ಮತ್ತೆ ಬೀಳುವ ಅಪಾಯವು ತಾಯ್ ಚೀ ಕಲಿತವರಲ್ಲಿ ನೂರಕ್ಕೆ 47.5ರಷ್ಟು ಇಳಿಯಿತು, ಬೆಲೆಬಾಳುವ ಯಂತ್ರದ ಗುಂಪಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ವಾಕಿಂಗ್ ಹೋಗುತ್ತೇನಲ್ಲ, ಅದೇ ಸಾಲದೇ ಎಂದು ಕೇಳುವವರು ನಮ್ಮ ನಡುವೆ ಬಹಳ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿನ ಉತ್ಸಾಹಕ್ಕೆ ನಡಿಗೆ ಹಿತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಿಡ್ನಿಯ ಕ್ಯಾಥರೀನ್ ಶೆರಿಂಗ್ಟನ್ ಮತ್ತು ಸಹೋದ್ಯೋಗಿಗಳು 108 ಪ್ರಯೋಗಗಳನ್ನು, ಒಟ್ಟು 23,407 ಮಂದಿಯ ಅನುಭವವನ್ನು ತೂಗಿನೋಡಿ 2019ರಲ್ಲಿ ಬರೆದ ಸಮೀಕ್ಷೆಯಲ್ಲಿ, ವ್ಯಾಯಾಮವು ಒಟ್ಟಾರೆಯಾಗಿ ಬೀಳುವಿಕೆಯನ್ನು ನೂರಕ್ಕೆ 23ರಷ್ಟು ತಗ್ಗಿಸಿದರೂ, ಬರಿಯ ನಡಿಗೆಯಿಂದ ಆ ಫಲ ದೊರೆಯುತ್ತದೆಂಬುದಕ್ಕೆ ಪುರಾವೆ ಸಿಕ್ಕಲಿಲ್ಲ. ಫಲ ಕೊಟ್ಟುದು ಸಮತೋಲಕ್ಕೆ ಸವಾಲೊಡ್ಡುವ ವ್ಯಾಯಾಮ, ಅದಕ್ಕೆ ಬಲವರ್ಧನೆ ಸೇರಿದರೆ ಇನ್ನೂ ಹೆಚ್ಚು.

ವ್ಯಾಯಾಮವೊಂದೇ ಸರ್ವೌಷಧಿಯಲ್ಲ. ನಿದ್ರೆಯ ಮಾತ್ರೆಗಳು ಬೀಳುವ ಅಪಾಯವನ್ನು ಹೆಚ್ಚಿಸುತ್ತವೆ. ಡುನೆಡಿನ್ನಿನ ತಂಡವೇ ಇನ್ನೊಂದು ಪ್ರಯೋಗದಲ್ಲಿ ಅಂಥ ಮಾತ್ರೆಗಳನ್ನು ಹಂತಹಂತವಾಗಿ ಬಿಡಿಸಿದಾಗ ಬೀಳುವಿಕೆ ಬಹಳ ಕಡಮೆಯಾಯಿತು. ಪ್ರಯೋಗ ಮುಗಿದೊಡನೆ ಅನೇಕರು ಮಾತ್ರೆಗೆ ಮರಳಿದರೆಂಬುದು ಮನುಷ್ಯಸ್ವಭಾವಕ್ಕೆ ಸೇರಿದ ಅಧ್ಯಾಯ. ಗಮನದ ಪಾತ್ರವೂ ಸಣ್ಣದಲ್ಲ. ಸ್ವೀಡನ್ನಿನಲ್ಲಿ ಲಿಲ್ಲೆಮೋರ್ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು 58 ಮಂದಿ ವೃದ್ಧರೊಡನೆ ನಡೆಯುತ್ತ ಮಾತಿಗೆಳೆದಾಗ 12 ಮಂದಿ ಉತ್ತರ ಕೊಡಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದರು. ನಡೆಯುವುದಕ್ಕೇ ಮನಸ್ಸೆಲ್ಲ ವ್ಯಯವಾಗುವವರಿಗೆ ಮಾತಿಗೆ ಮನಸ್ಸು ಮಿಗುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಕಳವಳವನ್ನುಂಟುಮಾಡುವುದು ಭಯ. ಒಮ್ಮೆ ಬಿದ್ದವರು ಹೆದರಿ ಓಡಾಟವನ್ನು ಕಡಮೆ ಮಾಡುತ್ತಾರೆ. ಓಡಾಟ ಕಡಮೆಯಾದಂತೆ ಕಾಲು ಸೋಲುತ್ತದೆ. ಸೋತ ಕಾಲು ಮತ್ತೆ ಬೀಳಿಸುತ್ತದೆ. ಮನೆಯವರ ವಾತ್ಸಲ್ಯವೂ ಈ ಚಕ್ರಕ್ಕೆ ಕೈಹಚ್ಚುತ್ತದೆ: "ನೀವು ಏಳಬೇಡಿ ಅತ್ತೆ, ಏನು ಬೇಕೋ ಹೇಳಿ, ನಾನೇ ತಂದುಕೊಡುತ್ತೇನೆ" ಎನ್ನುವ ಸೊಸೆಯ ಮಾತಿನಲ್ಲಿ ಪ್ರೀತಿಯಿದೆ, ಆದರೆ ದಿನವೂ ಹತ್ತಾರು ಸಲ ಎದ್ದು ಕುಳಿತು ಉಳಿಸಿಕೊಳ್ಳಬಹುದಾಗಿದ್ದ ತೊಡೆಯ ಬಲವನ್ನು ಅದು ಕಸಿದುಕೊಳ್ಳುತ್ತದೆ. ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ದೀಪವಿರಲಿ, ಕಾಲೊರಸು ಜಾರದಂತಿರಲಿ. ಆದರೆ ಹಿರಿಯರನ್ನು ಕುರ್ಚಿಗೆ ಕಟ್ಟಿಹಾಕಬೇಡಿ. ವರ್ಷದಲ್ಲಿ ಎರಡು ಬಾರಿ ಬಿದ್ದವರನ್ನು, ಎದ್ದೊಡನೆ ಕಣ್ಣು ಕತ್ತಲೆ ಬರುವವರನ್ನು, ಮೊದಲು ವೈದ್ಯರಿಗೆ ತೋರಿಸಿ, ಅನಂತರ ಫಿಸಿಯೋಥೆರಪಿಸ್ಟರಿಂದ ಅವರಿಗೆ ತಕ್ಕ ಕ್ರಮವನ್ನು ಬರೆಸಿಕೊಳ್ಳಿ. ಅಭ್ಯಾಸದ ಆರಂಭದಲ್ಲಿ ಗೋಡೆ ಕೈಗೆಟುಕುವಂತಿರಲಿ, ಹತ್ತಿರದಲ್ಲಿ ಒಬ್ಬರಿರಲಿ. ಬಿಟ್ಟರೆ ಗಳಿಸಿದ ಬಲ ಕರಗಿಹೋಗುವುದರಿಂದ, ಒಮ್ಮೆ ಹಿಡಿದ ಅಭ್ಯಾಸವನ್ನು ನಿಲ್ಲಿಸಕೂಡದು.