ಬಿಳಿ ಚೂರಿಗೆ ಯಾವ ಕಲ್ಲು?

ಗಲ್ಫಿನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಹಾಲಿನಂತೆ ಬೆಳ್ಳಗಿನ ಚೂರಿಯೊಂದು ಇರುವುದುಂಟು. ಸೆರಾಮಿಕ್ ಚೂರಿ ಎಂದು ಅದರ ಹೆಸರು. ತೂಕವಿಲ್ಲ, ತುಕ್ಕಿಲ್ಲ, ಮಾವಿನಕಾಯಿ ಕೊಯ್ದರೂ ಕಪ್ಪಾಗದು. ಬಹುಕಾಲ ಹರಿತವಾಗಿದ್ದು, ಕೊನೆಗೊಂದು ದಿನ ತೊಂಡೆಕಾಯಿಗೂ ಜಾರತೊಡಗುತ್ತದೆ. ಆಗ ನಾವು ಮೆಟ್ಟುಕತ್ತಿ ಮಸೆಯುವ ಕಲ್ಲಿಗೇ ಅದನ್ನೂ ಉಜ್ಜುತ್ತೇವೆ. ಫಲ ಕಾಣದೆ, ಬೆಲೆಬಾಳುವ ಚೂರಿಯನ್ನು ಎಸೆದುಬಿಡುತ್ತೇವೆ.

ವಿದ್ಯಾರ್ಥಿಗಳು ಇದರ ಕಾರಣವನ್ನು ಗಮನಿಸಬೇಕು. ಗಟ್ಟಿಯಾದ ವಸ್ತು ಮಾತ್ರ ಮೆದುವಾದುದನ್ನು ಸವೆಸಬಲ್ಲುದು. ಮೋಸ್ ಎಂಬ ಜರ್ಮನ್ ವಿಜ್ಞಾನಿಯ ಅಳತೆಯಲ್ಲಿ ವಜ್ರದ ಗಡಸುತನ 10. ಚೂರಿಯ ಉಕ್ಕು ಸುಮಾರು 6, ಮಸೆಗಲ್ಲಿನಲ್ಲಿರುವ ಬೆಣಚುಕಲ್ಲಿನ ಕಣ 7. ಆದುದರಿಂದ ಉಕ್ಕು ಸವೆಯುತ್ತದೆ. ಬಿಳಿ ಚೂರಿಯಾದರೋ ಜಿರ್ಕೋನಿಯಂ ಆಕ್ಸೈಡಿನ ಪುಡಿಯನ್ನು ಒತ್ತಿ, 1300 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಕಾವಿನಲ್ಲಿ ಸುಟ್ಟು ಮಾಡಿದ್ದು. (ಜಿರ್ಕೋನಿಯಂ ದೊರೆಯುವ ಜಿರ್ಕಾನ್ ಖನಿಜ ನಮ್ಮ ಕೇರಳದ ಚವರದ ಕಡಲ ಮರಳಿನಲ್ಲಿಯೂ ಇದೆ!) ಅದರ ಗಡಸುತನ ಸುಮಾರು 8.5. ನಮ್ಮ ಕಲ್ಲು ಅದಕ್ಕೆ ಸೋಲುವುದು ಸಹಜವೇ. ಪಿಂಗಾಣಿ ಬಟ್ಟಲಿನ ಅಡಿಗೆ ಉಜ್ಜುವ ಉಪಾಯವೂ ಉಕ್ಕಿಗೆ ಮಾತ್ರ.

ಇದಕ್ಕೆ ಬೇಕಾದುದು ವಜ್ರದ ಪುಡಿ ಕೂರಿಸಿದ ಸಣ್ಣ ಉಕ್ಕಿನ ಹಲಗೆ. ವಜ್ರವೆಂದು ಹೆದರಬೇಕಾಗಿಲ್ಲ, ಕಾರ್ಖಾನೆಯಲ್ಲಿ ತಯಾರಾದ ವಜ್ರವಾದುದರಿಂದ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ 1000 ನಂಬರಿನ ಅಥವಾ ಅದಕ್ಕಿಂತ ನಯವಾದುದನ್ನೇ ಕೇಳಿರಿ. ಒರಟಾದುದು ಅಂಚನ್ನು ಮುರಿಯುತ್ತದೆ, ಯಾಕೆಂದರೆ ಈ ಚೂರಿ ಎಷ್ಟು ಗಡುಸೋ ಅಷ್ಟೇ ಪೆಡಸು.

ಒದ್ದೆ ಬಟ್ಟೆಯ ಮೇಲೆ ಹಲಗೆಯನ್ನಿಟ್ಟು ನೀರು ಹನಿಸಿರಿ. ಒಣಗಿದ್ದರೆ ಎದ್ದ ಧೂಳು ಮೂಗಿಗೆ ಹೋಗುತ್ತದೆ. ಚೂರಿಯ ಅಂಚಿಗೆ ನೀರಿಗೆ ಅಳಿಸದ ಮಾರ್ಕರ್ ಪೆನ್ನಿನಿಂದ ಶಾಯಿ ಬಳಿದು ಒಮ್ಮೆ ಎಳೆದು ನೋಡಿರಿ. ಶಾಯಿ ತುತ್ತತುದಿಯವರೆಗೂ ಅಳಿಸಿದ್ದರೆ ಓರೆ ಸರಿಯಾಗಿದೆ ಎಂದರ್ಥ. ಮೇಲೆ ಮಾತ್ರ ಅಳಿಸಿದ್ದರೆ ಬೆನ್ನನ್ನು ತುಸು ಎತ್ತಬೇಕು. ಬೆನ್ನು ಮುಂದಾಗಿರುವಂತೆ, ಬಹಳ ಹಗುರವಾಗಿ, ಎರಡೂ ಮಗ್ಗುಲು ಸಮನಾಗಿ ಎಳೆಯಿರಿ. ಬಲ ಹಾಕಿದರೆ ಕೆಲಸ ಬೇಗ ಆಗುವುದಿಲ್ಲ, ಅಂಚು ಉದುರುತ್ತದೆ ಅಷ್ಟೆ. ಉಕ್ಕಿನಲ್ಲಿ ಏಳುವ ಸಿಬಿರು ಇಲ್ಲಿ ಏಳದು. ಹರಿತವನ್ನು ಬೆರಳಿನಿಂದಲ್ಲ, ಹಳೆಯ ಪತ್ರಿಕೆಯ ಹಾಳೆ ಕೊಯ್ದು ಪರೀಕ್ಷಿಸಬೇಕು. ಮಕ್ಕಳು ಹಿರಿಯರನ್ನು ಬಳಿಯಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕತಕ್ಕದ್ದು.

ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿಹೋಗಿದ್ದರೆ ಮನೆಯ ಸಾಣೆಯಿಂದ ಸರಿಪಡಿಸುವುದು ಕಷ್ಟ. ತೆಂಗಿನಕಾಯಿ, ಮೀನಿನ ತಲೆ, ಹಲಸಿನ ಬೀಜ ಇವುಗಳಿಗೆ ಮೆಟ್ಟುಕತ್ತಿಯನ್ನೇ ಬಳಸಿದರೆ ಅಂತಹ ಚೂರು ಹಾರುವ ಸಂದರ್ಭ ಕಡಿಮೆ.