ಪಾತಾಳದ ನೀರಿಗೆ ಅಳತೆಗೋಲು

ಹಿತ್ತಲಿನಲ್ಲಿ ಸೇದುವ ಬಾವಿ ಇದ್ದ ಕಾಲದಲ್ಲಿ ಅಂತರ್ಜಲವನ್ನು ಅಳೆಯಲು ಯಾವ ಇಲಾಖೆಯೂ ಬೇಕಾಗಿರಲಿಲ್ಲ. ಸಂಕ್ರಾಂತಿಗೆ ಸಾಕಾಗಿದ್ದ ಹಗ್ಗ ಯುಗಾದಿಯ ವೇಳೆಗೆ ಸಾಲದಾಗುತ್ತಿತ್ತು. ಇನ್ನೆರಡು ಮಾರು ಹಗ್ಗವನ್ನು ಗಂಟು ಹಾಕಿದಾಗ ನೀರು ಎಷ್ಟು ಇಳಿದಿದೆಯೆಂಬುದು ಮನೆಮಂದಿಗೆಲ್ಲ ತಾನಾಗಿಯೇ ತಿಳಿಯುತ್ತಿತ್ತು. ಕೊಳವೆ ಬಾವಿ ಬಂದ ಮೇಲೆ ಈ ಪರಿಚಯ ತಪ್ಪಿಹೋಯಿತು. ಆರಂಗುಲದ ರಂಧ್ರದೊಳಗೆ ಇಣುಕಿ ನೋಡುವವರಾರು? ಗುಂಡಿ ಒತ್ತಿದರೆ ನೀರು ಬರುತ್ತದೆ. ಬಾರದ ದಿನ ಕೇಡು ಆಗಿಯೇ ಹೋಗಿರುತ್ತದೆ.

ಕಣ್ಣಿಗೆ ಕಾಣದ ಈ ನೀರಿನ ಏರಿಳಿತವನ್ನು ಗಮನಿಸುವುದಕ್ಕಾಗಿಯೇ ವೀಕ್ಷಣಾ ಬಾವಿಗಳುಂಟು. ಕೇಂದ್ರ ಅಂತರ್ಜಲ ಮಂಡಳಿಯು ೧೯೭೦ರಲ್ಲಿ ರೂಪುಗೊಂಡಿತು. ೧೯೭೨ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅಂತರ್ಜಲ ವಿಭಾಗವೂ ಅದರಲ್ಲಿ ವಿಲೀನವಾಯಿತು. ದೇಶದಾದ್ಯಂತ ಹರಡಿರುವ ಸಾವಿರಾರು ಬಾವಿಗಳ ಮಟ್ಟವನ್ನು ಮಂಡಳಿಯವರು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತಾರೆ: ಜನವರಿಯಲ್ಲಿ, ಮುಂಗಾರಿಗೆ ಮುನ್ನ ಬೇಸಗೆಯಲ್ಲಿ, ಆಗಸ್ಟಿನಲ್ಲಿ ಮತ್ತು ನವೆಂಬರಿನಲ್ಲಿ. ಬೇಸಗೆಯ ಅಳತೆಗೂ ನವೆಂಬರಿನ ಅಳತೆಗೂ ಇರುವ ಅಂತರದಿಂದ, ಆ ವರ್ಷದ ಮಳೆ ಭೂಮಿಗೆ ಕೊಟ್ಟದ್ದೆಷ್ಟೆಂಬುದು ತಿಳಿಯುತ್ತದೆ. ಇವುಗಳಲ್ಲಿ ಕೆಲವು ಹಳ್ಳಿಗಳ ಹಳೆಯ ತೆರೆದ ಬಾವಿಗಳು. ಕೆಲವು ಅಳತೆಗೆಂದೇ ಕೊರೆದ, ಯಾರೂ ನೀರೆತ್ತದ ಕೊಳವೆಗಳು. ಈ ಎರಡನೆಯ ಬಗೆಗೆ ಪೀಜೋಮೀಟರ್ ಎಂದು ಹೆಸರು.

ಅಳೆಯುವ ವಿಧಾನ ಸರಳವಾದದ್ದು. ಆದರೆ ಶಿಸ್ತನ್ನು ಬೇಡುವಂಥದು. ಬಾವಿಯ ಕಟ್ಟೆಯ ಮೇಲೋ ಕೊಳವೆಯ ಬಾಯಿಯಲ್ಲೋ ಒಂದು ಗುರುತನ್ನು ಮಾಡಿರುತ್ತಾರೆ. ಎಂದೇ ಬರಲಿ, ಯಾರೇ ಬರಲಿ, ಅಳತೆ ಆ ಗುರುತಿನಿಂದಲೇ ಮೊದಲಾಗಬೇಕು. ಹಳೆಯ ಪದ್ಧತಿಯಲ್ಲಿ ಉಕ್ಕಿನ ಅಳತೆಪಟ್ಟಿಯ ತುದಿಗೆ ಭಾರ ಕಟ್ಟಿ, ಕೆಳಗಿನ ಒಂದು ಮೀಟರಿನಷ್ಟು ಭಾಗಕ್ಕೆ ಸೀಮೆಸುಣ್ಣ ಬಳಿದು ಇಳಿಬಿಡುತ್ತಾರೆ. ಗುರುತಿನ ಬಳಿ ಪಟ್ಟಿಯನ್ನು ೨೦ ಮೀಟರಿಗೆ ಹಿಡಿದರೆನ್ನೋಣ. ಮೇಲೆತ್ತಿದಾಗ ಸುಣ್ಣ ೦.೬೫ ಮೀಟರಿನವರೆಗೆ ನೆನೆದಿದ್ದರೆ, ನೀರು ಗುರುತಿನಿಂದ ೧೯.೩೫ ಮೀಟರ್ ಕೆಳಗಿದೆಯೆಂದಾಯಿತು. ಕಟ್ಟೆ ನೆಲದಿಂದ ೦.೪೫ ಮೀಟರ್ ಎತ್ತರವಿದ್ದರೆ ಅದನ್ನೂ ಕಳೆಯಬೇಕು. ನೆಲಮಟ್ಟದಿಂದ ನೀರಿನ ಆಳ ೧೮.೯೦ ಮೀಟರ್. ಒಡನೆಯೇ ಎರಡನೆಯ ಸಲ ಅಳೆದು, ಎರಡೂ ಅಂಕಿಗಳು ಹೊಂದುವವೇ ಎಂದು ನೋಡುವುದು ವಾಡಿಕೆ.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ವಿದ್ಯುತ್ ಅಳತೆಪಟ್ಟಿ. ಅದರ ತುದಿ ನೀರನ್ನು ಮುಟ್ಟಿದೊಡನೆ ವಿದ್ಯುನ್ಮಂಡಲ ಪೂರ್ಣಗೊಂಡು, ಮೇಲೆ ಸದ್ದಾಗುತ್ತದೆ, ಇಲ್ಲವೆ ದೀಪ ಹೊತ್ತುತ್ತದೆ. ತನ್ನ ಮೇಲಿರುವ ನೀರಿನ ಒತ್ತಡದಿಂದ ಮಟ್ಟವನ್ನು ಲೆಕ್ಕ ಹಾಕಿ, ದೂರದ ಕಚೇರಿಗೆ ತಾನೇ ವರದಿ ಕಳುಹಿಸುವ ಯಂತ್ರಗಳೂ ಬಂದಿವೆ. ಅವು ಸತ್ಯ ಹೇಳುತ್ತಿವೆಯೇ ಎಂದು ಆಗಾಗ ಪರೀಕ್ಷಿಸಲು ಮಾತ್ರ ಕೈಯಳತೆಯೇ ಬೇಕು. ಪಕ್ಕದಲ್ಲಿ ಪಂಪು ಓಡುತ್ತಿದ್ದರೆ ನೀರು ತಾತ್ಕಾಲಿಕವಾಗಿ ಕುಸಿದಿರುತ್ತದೆ. ಆದುದರಿಂದ ಪಂಪು ನಿಂತು ನೀರು ತಂಗುವವರೆಗೆ ಕಾಯಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ಕೆಲಸ ಇನ್ನಷ್ಟು ಸೂಕ್ಷ್ಮ. ಹಳೆಯ ಮೈಸೂರು ಸೀಮೆಯ ಬಹುಭಾಗ ಗಟ್ಟಿಬಂಡೆಯ ನೆಲ. ನೀರು ನಿಲ್ಲುವುದು ಮೇಲ್ಪದರದ ಶಿಥಿಲ ಕಲ್ಲಿನಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಒಂದು ಹೊಲದಲ್ಲಿ ನೀರು ಉಕ್ಕಿದರೆ, ಬದುವಿನಾಚೆ ಸಾವಿರ ಅಡಿ ಕೊರೆದರೂ ಧೂಳೇ ಹಾರಬಹುದು. ಬದುಕಿಗೆ ಆಸರೆಯಾಗುವ ನದಿಯಿಲ್ಲದ ಕೋಲಾರದ ರೈತ ಇದನ್ನು ಸಾಲದ ರೂಪದಲ್ಲಿ ಕಲಿತಿದ್ದಾನೆ. ಇಂಥ ನೆಲದಲ್ಲಿ ಒಂದು ಬಾವಿಯ ಒಂದು ದಿನದ ಅಂಕಿ ಏನನ್ನೂ ಹೇಳದು. ಅನೇಕ ಬಾವಿಗಳ ಅನೇಕ ವರ್ಷಗಳ ಸಾಲೇ ಮಾತನಾಡಬೇಕು.

ಆ ಸಾಲೂ ಮೋಸಮಾಡುವುದುಂಟು. ಮೂರು ಬಾವಿಗಳಲ್ಲಿ ಕಳೆದ ವರ್ಷ ನೀರು ೬, ೮ ಮತ್ತು ೧೬ ಮೀಟರ್ ಆಳದಲ್ಲಿತ್ತೆಂದು ಭಾವಿಸೋಣ, ಸರಾಸರಿ ೧೦. ಈ ವರ್ಷ ಮೊದಲೆರಡರಲ್ಲಿ ೭ ಮತ್ತು ೯ಕ್ಕೆ ಇಳಿಯಿತು, ಮೂರನೆಯದು ಬತ್ತಿಹೋಯಿತು. ಬತ್ತಿದ್ದಕ್ಕೆ ಅಂಕಿಯಿಲ್ಲವೆಂದು ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ ೮! ಮೂರೂ ಬಾವಿಗಳಲ್ಲಿ ನೀರು ಇಳಿದಿದೆ. ಕಾಗದದ ಮೇಲೆ ಮಾತ್ರ ಎರಡು ಮೀಟರ್ ಏರಿದೆ. ಇದು ಬರಿಯ ಊಹೆಯಲ್ಲ. ದಕ್ಷಿಣ ಭಾರತದ ಅಂತರ್ಜಲ ಚೇತರಿಸಿಕೊಳ್ಳುತ್ತಿದೆಯೆಂದು ಅಂಕಿ-ಅಂಶಗಳು ಸಾರುತ್ತಿದ್ದಾಗ, ಹಳ್ಳಿಗಳಲ್ಲಿ ಬಾವಿಗಳು ಬತ್ತುತ್ತಲೇ ಇದ್ದವು. ಈ ವಿರೋಧಾಭಾಸಕ್ಕೆ ಇಂಥ ಲೋಪವೇ ಕಾರಣವೆಂದು ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್ ಮತ್ತು ನಂದಿತಾ ಬಸು ೨೦೧೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಉಳಿದವರ ಲೆಕ್ಕದಿಂದ ಅಳಿದವರ ಕಥೆ ತಿಳಿಯದು. 'ಬಾವಿ ಬತ್ತಿದೆ' ಎಂಬುದೂ ಒಂದು ಅಳತೆಯೇ. ಅದನ್ನು ತಳದ ಆಳದೊಡನೆ ಬರೆದಿಡದ ಪುಸ್ತಕ ಅರೆಸತ್ಯದ ಪುಸ್ತಕ.

ಅಳೆಯುವ ಕೆಲಸ ಸರ್ಕಾರದ್ದು ಮಾತ್ರವೆಂದು ತಿಳಿಯಬೇಕಾಗಿಲ್ಲ. ೨೦೧೯ರ ಡಿಸೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ, ಗ್ರಾಮಸ್ಥರೇ ತಮ್ಮ ನೀರನ್ನು ಅಳೆದು ಬಳಕೆಯನ್ನು ಯೋಜಿಸಿಕೊಳ್ಳುವ ಉದ್ದೇಶವನ್ನಿಟ್ಟುಕೊಂಡಿತು. ನಗರದ ಮನೆಗಳಿಗೂ ಇದು ಅಸಾಧ್ಯವಲ್ಲ. ಪಂಪು ಇಳಿಸುವಾಗ ಅದರ ಜೊತೆಗೆ ತೆಳುವಾದ ಇನ್ನೊಂದು ಕೊಳವೆಯನ್ನು ಇಳಿಸಿಬಿಟ್ಟರೆ, ಮುಂದೆ ಎಂದು ಬೇಕಾದರೂ ಅದರೊಳಗೆ ಅಳತೆಪಟ್ಟಿಯನ್ನು ಬಿಡಬಹುದು. ತಿಂಗಳಿಗೊಮ್ಮೆ, ಪಂಪು ಓಡಿಸುವ ಮುನ್ನ, ಬೆಳಗಿನ ಹೊತ್ತು ಒಂದು ಅಂಕಿ ಬರೆದಿಟ್ಟರೆ ಸಾಕು. ಹಾಲಿನವನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಪ್ಪದೆ ಬರೆದಿಡುವ ಮನೆಗಳಿಗೆ, ಅದರ ಪಕ್ಕದಲ್ಲೇ ನೀರಿಗೂ ಒಂದು ಸಾಲು ಬಿಡುವುದು ದೊಡ್ಡ ಮಾತಲ್ಲ.