ಸರ್ರಾ: ಔಷಧಿ ಒಳಹೋಗುವ ಬಾಗಿಲು

ಕುಂಬಾರಕೊಪ್ಪಲಿನಲ್ಲಿ ಹಸುವನ್ನೋ ಜಟಕಾ ಕುದುರೆಯನ್ನೋ ಸಾಕಿದ್ದೀರಾ? ಹಾಗಾದರೆ ಸರ್ರಾ ರೋಗದ ಹೆಸರು ನಿಮಗೆ ತಿಳಿದಿರಲಿ. ಜ್ವರ ಬಿಟ್ಟುಬಿಟ್ಟು ಬರುತ್ತದೆ, ಪ್ರಾಣಿ ಸೊರಗುತ್ತದೆ. ರಕ್ತ ಹೀರುವ ದೊಡ್ಡ ನೊಣಗಳು ಟ್ರಿಪನೊಸೋಮಾ ಇವಾನ್ಸಿ ಎಂಬ ಪರಾವಲಂಬಿಯನ್ನು ಹರಡುತ್ತವೆ.

ಮನುಷ್ಯರಿಗೆ ಇದು ತಗಲುವುದು ತೀರಾ ಅಪರೂಪ. ನಮ್ಮ ರಕ್ತದ ಒಂದು ಪ್ರೋಟೀನ್ ಅದನ್ನು ಕೊಲ್ಲುತ್ತದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರೈತರೊಬ್ಬರಲ್ಲಿ ಆ ಪ್ರೋಟೀನೇ ಇರಲಿಲ್ಲ. 2005ರಲ್ಲಿ ವರದಿಯಾದ ಆ ರೋಗಿಯನ್ನು ಗುಣಪಡಿಸಿದ್ದು ಸುರಮಿನ್ ಎಂಬ ಹಳೆಯ ಔಷಧಿ.

ಅದು ಪರಾವಲಂಬಿಯ ಒಳಹೊಕ್ಕುವ ಬಗೆಯೇ ಸ್ವಾರಸ್ಯ. ಇದರ ಹತ್ತಿರದ ಸಂಬಂಧಿ, ಆಫ್ರಿಕಾದ ನಿದ್ರಾರೋಗದ ಪರಾವಲಂಬಿಯಲ್ಲಿ, ಹೊರಮೈಯ ಐಎಸ್‌ಜಿ75 ಎಂಬ ಪ್ರೋಟೀನ್ ಸುರಮಿನ್‌ಗೆ ಬಾಗಿಲಾಗುತ್ತದೆ. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಚೀಟಿಯಂತೆ ಅಂಟಿಕೊಂಡರೆ ಆ ಬಾಗಿಲು ಒಳಸರಿದು ನಾಶವಾಗುತ್ತದೆ. ಚೀಟಿ ಕೀಳುವ ಕಿಣ್ವಗಳೂ ಇವೆ. ಪ್ರಯೋಗಾಲಯದಲ್ಲಿ ಆ ಕಿಣ್ವಗಳನ್ನು ಕುಗ್ಗಿಸಿದಾಗ ಬಾಗಿಲುಗಳು ಕಡಿಮೆಯಾದವು, ಔಷಧಿ ಸರಿಯಾಗಿ ನಾಟಲಿಲ್ಲ. ಪರಾವಲಂಬಿ ಔಷಧಿಗೆ ಬಗ್ಗದಿರಲು ಇಂಥ ದಾರಿಗಳಿವೆ.

ಆದ್ದರಿಂದ ಪಕ್ಕದ ಮನೆಯಲ್ಲಿ ಉಳಿದ ಔಷಧಿಯನ್ನು ಅಂದಾಜಿನಲ್ಲಿ ಚುಚ್ಚಿಸಬೇಡಿ. ಪಶುವೈದ್ಯರು ರಕ್ತ ಪರೀಕ್ಷಿಸಿ, ತೂಕ ನೋಡಿ ಪ್ರಮಾಣ ಹೇಳಲಿ. ಕೊಟ್ಟಿಗೆಯ ಸಗಣಿ, ಗಂಜಲವನ್ನು ದಿನವೂ ತೆಗೆಯಿರಿ. ಒಂದೇ ಸೂಜಿಯನ್ನು ಎರಡು ಪ್ರಾಣಿಗಳಿಗೆ ಬಳಸಲು ಬಿಡಬೇಡಿ. ರಕ್ತ ಅಂಟಿದ ಸೂಜಿಯೂ ನೊಣದ ಕೆಲಸವನ್ನೇ ಮಾಡುತ್ತದೆ.